ಸೂಜಿಗಲ್ಲಿನ ಎರಡು ಹೋಳು

ಮಾಯಾನಾ ದ್ವೀಪದ ನಮ್ಮ ದಡದಿಂದ ಯಾವ ದೋಣಿ ಉತ್ತರದ ತರಾವಾ ದ್ವೀಪಕ್ಕೆ ಹೊರಟರೂ ಮೊದಲು ತಿರೋಯಾ ಬಂದು ನೋಡಬೇಕು. ಅವಳು ಮೊಣಕಾಲುದ್ದ ನೀರಿಗೆ ಇಳಿದು, ಸೆರಗಿನ ತುದಿಯಿಂದ ಒಂದು ದಾರ ಬಿಚ್ಚುತ್ತಾಳೆ. ದಾರದ ತುದಿಯಲ್ಲಿ ನಡುವಿಗೆ ಗಂಟು ಹಾಕಿದ ಹೊಲಿಗೆ ಸೂಜಿ ಅಡ್ಡಡ್ಡಲಾಗಿ ತೂಗುತ್ತಿರುತ್ತದೆ. ಅದನ್ನು ದಿಕ್ಸೂಚಿಯ ಸುತ್ತ ಹಿಡಿಯುತ್ತಾಳೆ, ಆಮೇಲೆ ಸಾಮಾನಿನ ಒಂದೊಂದು ಗಂಟಿನ ಮೇಲೆ, ಒಂದೊಂದು ಬುಟ್ಟಿಯ ಮೇಲೆ. ಸೂಜಿ ತನ್ನ ಪಾಡಿಗೆ ಉತ್ತರಕ್ಕೆ ನಿಂತರೆ ಸರಿ. ಮುಖ ತಿರುಗಿಸಿತೋ, ತಿರೋಯಾ ಗಲ್ಲ ಎತ್ತಿ ತೋರಿಸುತ್ತಾಳೆ. ಆ ಗಂಟು ದೋಣಿಯ ಮೂತಿಗೆ ಹೋಗಬೇಕು, ದಿಕ್ಸೂಚಿಯಿಂದ ದೂರ.

ಹುಡುಗರು ತಮಾಷೆ ಮಾಡುವುದುಂಟು. "ಅಜ್ಜಿ, ಹಾಗೇ ನನ್ನ ಹೆಂಡತಿ ಕಡೆಗೂ ಒಂದ್ಸಲ ಹಿಡೀರಿ. ಅವಳದ್ದು ಕಬ್ಬಿಣದ ಮನಸ್ಸು."

"ಅವಳು ತಾಮ್ರ ಕಣೋ. ನನ್ನ ಸೂಜಿ ತಾಮ್ರದ ಕಡೆ ಕಣ್ಣೆತ್ತಿಯೂ ನೋಡಲ್ಲ. ನೀನೇ ತುಕ್ಕು ಹಿಡಿದ ಮೊಳೆ, ಆಚೆ ನಿಂತ್ಕೋ."

ಎಲ್ಲರೂ ನಗುತ್ತಾರೆ. ತಿರೋಯಾ ನಗುವುದಿಲ್ಲ. ಗಂಟುಗಳೆಲ್ಲ ಮುಗಿಯುವ ತನಕ ಅವಳ ಕಣ್ಣು ಸೂಜಿಯಿಂದ ಕದಲುವುದಿಲ್ಲ.

ಅವಳು ಮದುವೆಯಾಗಿ ಈ ದಡಕ್ಕೆ ಬಂದಾಗ ತವರಿಂದ ತಂದದ್ದು ಕೈಯಲ್ಲಿ ತಿರುಗಿಸುವ ಒಂದು ಹೊಲಿಗೆ ಯಂತ್ರ. ಕತ್ತಿನ ಸುತ್ತ ಸಣ್ಣ ಸಣ್ಣ ನೆರಿಗೆ ಹಿಡಿದ ತಿಬುತಾ ರವಿಕೆಗಳನ್ನು ಅವಳಷ್ಟು ಅಂದವಾಗಿ ಹೊಲಿಯುವವರು ಇರಲಿಲ್ಲ. ಕಷ್ಟ ಒಂದೇ. ನಮ್ಮ ಮನೆಗಳ ನೆಲವೆಂದರೆ ಬಿಳಿ ಹವಳದ ಹರಳು. ಒಂದು ಗುಂಡುಸೂಜಿ ಬಿದ್ದರೆ ಸಮುದ್ರಕ್ಕೆ ಬಿದ್ದ ಹಾಗೆ. ಮತ್ತೆ ಸಿಗುವುದು ಯಾರದಾದರೂ ಅಂಗಾಲಿಗೇ.

ಒಂದು ವರ್ಷ ಊರ ಚಾವಡಿಯ ಕುಣಿತದ ದಿನ ಧ್ವನಿವರ್ಧಕ ಒಡೆದು ಗೊರಗೊರ ಎಂದು ಸತ್ತುಹೋಯಿತು. ತಿರೋಯಾಳ ಗಂಡ ಬೌರೋ ಅದನ್ನು ಮನೆಗೆ ತಂದು ಬಿಚ್ಚಿದ. ಒಳಗೆ ಬಳೆಯ ಹಾಗೆ ದುಂಡಗಿನ, ಕಪ್ಪನೆಯ ಕಲ್ಲು. ಅದರ ಒಂದು ಮುಖದಲ್ಲಿ ಗೋಂದೂ ಕಾಗದದ ಚೂರೂ ಅಂಟಿಕೊಂಡಿದ್ದವು, ಇನ್ನೊಂದು ಮುಖ ನುಣುಪು. "ತಗೋ, ನಿನಗೊಂದು ಸೂಜಿಗಲ್ಲು" ಎಂದು ಕೊಟ್ಟ. ಅವಳು ದಾರ ಕಟ್ಟಿ ಹರಳಿನ ಮೇಲೆ ಎಳೆದಳು. ವರ್ಷಗಳಿಂದ ಕಳೆದಿದ್ದ ಸೂಜಿಗಳೆಲ್ಲ ಎದ್ದು ಬಂದು ಅಂಟಿಕೊಂಡವು.

ಅಂದಿನಿಂದ ಆ ಕಲ್ಲಿನ ಗುಣಗಳನ್ನು ಅವಳು ಹೊಸ ಸೊಸೆಯ ಗುಣ ಅರಿಯುವ ಅತ್ತೆಯ ಹಾಗೆ ಒಂದೊಂದಾಗಿ ಅರಿತಳು. ಕಬ್ಬಿಣವೆಂದರೆ ಅದಕ್ಕೆ ಪ್ರಾಣ. ಮೀನಿನ ಗಾಳ, ಮೊಳೆ, ಕತ್ತರಿ ಯಾವುದನ್ನೂ ಬಿಡದು. ಅಲ್ಯೂಮಿನಿಯಂ ಪಾತ್ರೆ, ದೀಪದ ಹಿತ್ತಾಳೆ ತಿರುಪು, ಡಾಲರಿನ ನಾಣ್ಯ ಅದಕ್ಕೆ ಬೇಡ. ಅದರ ಸೆಳೆತಕ್ಕೆ ಚಾಪೆ ಅಡ್ಡವಲ್ಲ, ಹಲಗೆ ಅಡ್ಡವಲ್ಲ, ನೀರೂ ಅಡ್ಡವಲ್ಲ. ತನ್ನ ಅಂಗೈ ಅಡ್ಡ ಇಟ್ಟು ನೋಡಿದಳು. ಕೈಯ ಹಿಂಬದಿಯಲ್ಲಿಟ್ಟ ಸೂಜಿ ಅಂಗೈ ಕೆಳಗಿನ ಕಲ್ಲಿನ ಜೊತೆ ತೆವಳಿತು. ಕಲ್ಲಿನ ಮೇಲೆ ಒಂದೇ ದಿಕ್ಕಿಗೆ ಸವರುತ್ತ ಹೋದರೆ ಸೂಜಿಯೂ ಇನ್ನೊಂದು ಸೂಜಿಯನ್ನು ಎತ್ತುವಷ್ಟು ಕಲ್ಲಾಗುತ್ತದೆ, ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಆಗದು.

ಮಾವ ಕೌತುನಾ ತೆಂಗಿನ ಮರ ಹತ್ತಿ ನೀರಾ ಇಳಿಸುವವನು. ಅವನು ಅರದಿಂದ ಕತ್ತಿ ಉಜ್ಜುವಾಗ ಉದುರಿದ ಪುಡಿ ಕಲ್ಲಿಗೆ ಮೆತ್ತಿಕೊಂಡು, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಾಗಿದ ಎಳೆ ಎಳೆ ಕೂದಲಾಗಿ ನಿಲ್ಲುತ್ತಿತ್ತು. ಕಣ್ಣಿಗೆ ಕಾಣದ ಏನೋ ಒಂದು ಕಲ್ಲಿನ ಸುತ್ತ ಹರಡಿಕೊಂಡಿದೆ, ಪುಡಿ ಬಂದು ಅದರ ಗೆರೆ ತೋರಿಸುತ್ತಿದೆ ಎಂದು ಅವಳಿಗೆ ಅನಿಸುತ್ತಿತ್ತು. ಮುದುಕ ತನ್ನ ಗಲ್ಲ ಸವರಿಕೊಂಡು, "ನಿನ್ನ ಕಲ್ಲಿಗೆ ನನಗಿಂತ ಒಳ್ಳೆ ಗಡ್ಡ ಬಂತಲ್ಲೇ" ಎನ್ನುತ್ತಿದ್ದ.

ಕೌತುನಾ ಹಳೆಯ ಕಾಲದ ನಾವಿಕ. ಚಿಕ್ಕವನಿದ್ದಾಗ ಚಾವಡಿಯಲ್ಲಿ ಅಂಗಾತ ಮಲಗಿ, ಮಾಡಿನ ಜಂತಿಗಳನ್ನೇ ಆಕಾಶವೆಂದು ಭಾವಿಸಿ, ಯಾವ ಜಂತಿಯ ಹತ್ತಿರ ಯಾವ ನಕ್ಷತ್ರ ಎಂದು ಕಲಿತವನು. ಮಗನ ದೋಣಿಯ ದಿಕ್ಸೂಚಿ ಕಂಡರೆ ಅವನಿಗೆ ಆಗದು. "ಸೂಜಿ ಹಿಡಿಯೋದು ಹೊಲಿಯೋರ ಕೆಲಸ. ದಾರಿ ಹುಡುಕೋನಿಗೆ ಯಾಕೋ?" ಎಂದು ಹಂಗಿಸುತ್ತಿದ್ದ. ಬೌರೋ ಉತ್ತರ ಕೊಡುತ್ತಿದ್ದ: "ಎಂಜಿನ್ ದೋಣಿ ಹಗಲು ಹೊತ್ತು ಹೋಗುತ್ತಪ್ಪ. ನಡುಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಬಂದು ಕೂತರೆ ನಿನ್ನ ನಕ್ಷತ್ರ ಎಲ್ಲಿ ಹುಡುಕಲಿ?"

ಒಂದು ದಿನ ಕಲ್ಲು ಲಂಗರಿನ ಮೇಲೆ ಬಿದ್ದು ಎರಡು ಹೋಳಾಯಿತು, ಒಂದು ದೊಡ್ಡದು, ಒಂದು ಚಿಕ್ಕದು. ಸತ್ತೇಹೋಯಿತೆಂದು ತಿರೋಯಾ ಮರುಗಿದಳು. ಸಾಯಲಿಲ್ಲ, ಹೋಳು ಹೋಳೂ ಪೂರ್ತಿ ಸೂಜಿಗಲ್ಲೇ ಆಗಿತ್ತು. ಆದರೆ ಒಡೆದ ಅಂಚಿಗೆ ಅಂಚು ಕೂಡಿಸಿ ಮೊದಲಿನಂತೆ ಇಡಹೋದರೆ ಎರಡೂ ಒಂದನ್ನೊಂದು ದೂಡುತ್ತಿದ್ದವು. ಒಂದನ್ನು ಮಗುಚಿ ಹಾಕಿದರೆ ಮಾತ್ರ ಟಕ್ಕನೆ ಕಚ್ಚಿಕೊಳ್ಳುತ್ತಿದ್ದವು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವು ಹೀಗೇಕೆ ಎಂದು ಅವಳು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದ್ದಳು.

ಅದೇ ಕಾಲಕ್ಕೆ ತರಾವಾದಲ್ಲಿದ್ದ ಅತ್ತಿಗೆ ಒರೇಟಾ ಬಂದಳು. ಬೌರೋನ ಅಕ್ಕ ಅವಳು, ಅವಳದ್ದೂ ಹೊಲಿಗೆಯ ಕೆಲಸ. ಕಲ್ಲನ್ನು ಹರಳಿನ ಮೇಲೆ ಎಳೆದು ನೋಡಿ, ಮಡಿಲಲ್ಲಿ ಇಟ್ಟುಕೊಂಡು ಕೇಳಿಯೇಬಿಟ್ಟಳು: "ತಿರೋಯಾ, ನನಗೊಂದು ಬುಬುತಿ ಇದೆ. ಈ ಕಲ್ಲು ನನಗೆ ಬೇಕು."

ನೆಂಟರು ಬಾಯಿಬಿಟ್ಟು ಬುಬುತಿ ಎಂದು ಏನನ್ನಾದರೂ ಬೇಡಿದರೆ ಇಲ್ಲ ಎನ್ನುವ ಹಾಗಿಲ್ಲ. ಇಲ್ಲ ಎಂದವರ ಮುಖವನ್ನು ಊರು ಮತ್ತೆ ನೋಡುವುದಿಲ್ಲ. ತಿರೋಯಾ ಹೂಂ ಎಂದಳು. ಚಿಕ್ಕ ಹೋಳು ಕೊಟ್ಟಿದ್ದರೂ ನಡೆಯುತ್ತಿತ್ತು. ಕೈ ಬಿಗಿ ಎಂದು ಅತ್ತಿಗೆ ಅಂದುಕೊಂಡಾಳೆಂಬ ನಾಚಿಕೆಗೆ ದೊಡ್ಡದನ್ನೇ ಕೊಡುವೆನೆಂದಳು. "ಸುಮ್ಮನೆ ಹಾಗೇ ಕೊಡಲ್ಲ ಅತ್ತಿಗೆ. ಒಂದು ಪೆಟ್ಟಿಗೆ ಹೆಣೆದು, ದಾರದ ಉಂಡೆ ಇಟ್ಟು, ದೋಣಿ ಬಂದಾಗ ಕಳಿಸ್ತೀನಿ."

ಕೇದಗೆ ಎಲೆಯಲ್ಲಿ ಮುಚ್ಚಳದ ಪೆಟ್ಟಿಗೆ ಹೆಣೆದಳು. ಗೋಂದಿನ ಮುಖ ಬಟ್ಟೆಗೆ ಹತ್ತೀತೆಂದು ಅದನ್ನು ಕೆಳಗೆ ಮಾಡಿ ಕಲ್ಲನ್ನು ತಳದಲ್ಲಿ ಕೂರಿಸಿದಳು. ಮೇಲೆ ಹೊಸ ರವಿಕೆ ಬಟ್ಟೆ, ಬಣ್ಣದ ದಾರ.

ಬೌರೋ ಮತ್ತು ಅವನ ತಮ್ಮ ಯೋತೆಬಾ ಒಣಮೀನು ಹೇರಿಕೊಂಡು ತರಾವಾಕ್ಕೆ ಹೊರಟ ಬೆಳಿಗ್ಗೆ ಮೋಡ ಕವಿದು ಸೂರ್ಯ ಕಾಣುತ್ತಿರಲಿಲ್ಲ. ಯೋತೆಬಾ ಎಂದರೆ ಮಾತಿಗೊಂದು ನಗು. ಪೆಟ್ಟಿಗೆ ನೋಡಿ, "ಅತ್ತಿಗೆ, ಈ ಕಲ್ಲು ಒರೇಟಾ ಅಕ್ಕನ ಕೈಗಿಟ್ಟ ಕೂಡಲೇ ನಾನೂ ಒಂದು ಬುಬುತಿ ಬಿಡ್ತೀನಿ. ಒಂದು ಮೂಟೆ ಅಕ್ಕಿ. ಹೇಗೆ ಇಲ್ಲ ಅಂತಾಳೋ ನೋಡೋಣ" ಎಂದ.

"ಅಕ್ಕಿ ಜೊತೆ ಒಂದು ಹೆಣ್ಣನ್ನೂ ಕೇಳಿಕೊಂಡು ಬಾ. ನಿನ್ನ ಅಂಗಿ ಹರಿದಿದ್ದು ಹೊಲಿದು ಹೊಲಿದು ಸಾಕಾಯ್ತು" ಎಂದಳು ತಿರೋಯಾ.

ದೋಣಿ ಬಂಡೆಸಾಲಿನ ಬಾಯಿ ದಾಟಿ, ಚುಕ್ಕೆಯಾಗಿ, ಮರೆಯಾಯಿತು. ಸಂಜೆಗೆ ತರಾವಾದಿಂದ ರೇಡಿಯೊದಲ್ಲಿ ಒರೇಟಾಳ ಗಂಡ ಕೇಳಿದ, "ಇನ್ನೂ ಬಂದಿಲ್ಲವಲ್ಲ, ಹೊರಟರೋ ಇಲ್ಲವೋ?"

ಮರುದಿನ ಎರಡೂ ದ್ವೀಪಗಳಿಂದ ದೋಣಿಗಳು ಹೋದವು. ಗಸ್ತು ಹಡಗೂ ಹೋಯಿತು. ಎಂಜಿನ್ ನಡುದಾರಿಯಲ್ಲಿ ಕೆಟ್ಟಿರಬೇಕು, ಪ್ರವಾಹ ಪಡುವಣಕ್ಕೆ ಒಯ್ದಿರಬೇಕು ಎಂಬುದು ಎಲ್ಲರ ಲೆಕ್ಕ. ಕಳೆದುಹೋದ ದೋಣಿಗಳೆಲ್ಲ ಹಾಗೇ ಹೋಗಿವೆ. ಎರಡು ದ್ವೀಪಗಳ ನಡುವಿನ ಕಡಲಿನಿಂದ ಪಡುವಣಕ್ಕೆ ಹುಡುಕಿದರು. ಅದರ ಮರುದಿನವೂ ಹುಡುಕಿದರು. ಒಣಮೀನಿನ ಬುಟ್ಟಿಯ ಒಂದು ಎಲೆಯೂ ಸಿಗಲಿಲ್ಲ.

ಮನೆಗೆ ಬಂದ ಹೆಂಗಸರು ಸುಮ್ಮನೆ ಕೂತಿರುತ್ತಿದ್ದರು. ತಿರೋಯಾ ಏನಾದರೂ ಮಾಡುತ್ತಿರಬೇಕೆಂದು ಹೊಲಿಯಲು ಕೂತಳು. ಸೂಜಿ ಜಾರಿ ಕೆಳಗೆ ಬಿತ್ತು. ಅಭ್ಯಾಸದಂತೆ ಕಲ್ಲಿಗೆ ಕೈಹಾಕಿದಳು. ಸಿಕ್ಕಿದ್ದು ಚಿಕ್ಕ ಹೋಳು. ಅದನ್ನು ಹರಳಿನ ಮೇಲೆ ಹಿಡಿದಳು. ಇನ್ನೂ ಮುಟ್ಟುವ ಮೊದಲೇ, ಬೆರಳಗಲ ದೂರದಲ್ಲೇ, ಬಿದ್ದಿದ್ದ ಸೂಜಿ ಹೊರಳಿ ಕಲ್ಲಿನ ಕಡೆಗೆ ಮುಖ ಮಾಡಿತು.

ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಕಲ್ಲನ್ನು ಆಚೆಗೆ ಸರಿಸಿದಳು, ಸೂಜಿ ಆಚೆಗೆ ತಿರುಗಿತು. ಈಚೆಗೆ ತಂದಳು, ಈಚೆಗೆ ತಿರುಗಿತು. ಎದ್ದು ಹೊರಗೆ ಬಂದಳು.

ಕೌತುನಾ ಅರ ಹಿಡಿದು ಕತ್ತಿ ಉಜ್ಜುತ್ತ ಕೂತಿದ್ದ. ಮಕ್ಕಳು ಹೋದ ಮೇಲೆ ಅವನು ಮರ ಹತ್ತಿರಲಿಲ್ಲ, ಕತ್ತಿ ಮಾತ್ರ ಉಜ್ಜುತ್ತಲೇ ಇದ್ದ.

"ಮಾವ, ಅವತ್ತು ಪೆಟ್ಟಿಗೆ ದೋಣಿಯಲ್ಲಿ ಎಲ್ಲಿಟ್ಟರು?"

"ಯಾವ ಪೆಟ್ಟಿಗೆ?"

"ಒರೇಟಾ ಅತ್ತಿಗೆಗೆ ಕಳಿಸಿದ್ದು."

"ನಾನೇ ಇಟ್ಟೆ. ಬುಬುತಿಯ ವಸ್ತು, ನೆನೆದ್ರೆ ನಮಗೆ ಮರ್ಯಾದೆಯೇನೇ? ದೋಣಿಯಲ್ಲಿ ಒಣಗಿರೋ ಜಾಗ ಅಂದ್ರೆ ಆ ಸೂಜಿ ಡಬ್ಬಿ ಪಕ್ಕದ ಗೂಡು ಒಂದೇ." ಅವನು ಎಡಗೈ ಚಾಚಿ ತೋರಿಸಿದ. "ಎಡಕ್ಕೆ, ಕೆಳಗೆ. ಅಲುಗಾಡಬಾರದು ಅಂತ ಬಟ್ಟೆ ತುರುಕಿಟ್ಟೆ."

ತಿರೋಯಾ ಅವನ ಎದುರು ಕೂತು, ನೆಲದ ಸೂಜಿ ಕಲ್ಲಿನ ಹಿಂದೆ ತಿರುಗಿದ್ದನ್ನು, ದೋಣಿಯ ದಿಕ್ಸೂಚಿಯೂ ಹಾಗೇ ತಿರುಗಿರಬೇಕೆಂದು ಹೇಳಿದಳು. ಮುದುಕ ಅರ ನಿಲ್ಲಿಸಿದ. "ನಡುವೆ ಹಲಗೆ ಅಡ್ಡ ಇತ್ತಲ್ಲ" ಎಂದ.

"ಹಲಗೆ ಅಡ್ಡ ಬರಲ್ಲ ಮಾವ."

ಶಾಲೆಯ ಮೇಷ್ಟ್ರು ಎರಿತಾಯ್ ಹತ್ತಿರ ಒಂದು ದಿಕ್ಸೂಚಿ ಇತ್ತು. ಇಬ್ಬರೂ ಅವನ ಮನೆಗೆ ಹೋದರು. ಅವನು ಆಗಷ್ಟೇ ಹುಡುಕಾಟದಿಂದ ಬಂದು, ಕಣ್ಣು ಕೆಂಪಾಗಿ, ಕೂತಿದ್ದ. ಮಾತು ಕೇಳಿ, ಊಟ ಬಿಟ್ಟು ಎದ್ದ. ದಿಕ್ಸೂಚಿಯನ್ನು ಒಂದು ಮರದ ತುಂಡಿನ ಮೇಲಿಟ್ಟ. "ಎಷ್ಟು ದೂರ ಇತ್ತು ಅಜ್ಜ?" ಎಂದು ಕೇಳಿದ. ಕೌತುನಾ ಗೇಣು ಹಾಕಿ ತೋರಿಸಿದ. ತಿರೋಯಾ ಚಿಕ್ಕ ಹೋಳನ್ನು ಗೋಂದಿನ ಮುಖ ಕೆಳಗೆ ಮಾಡಿ ಅಲ್ಲಿಟ್ಟಳು.

ದಿಕ್ಸೂಚಿಯ ಕೆಂಪು ತುದಿ ಮೆಲ್ಲಗೆ ಎಡಕ್ಕೆ ವಾಲಿತು. ವಾಲಿ, ಅಲ್ಲೇ ನಿಂತಿತು.

"ಮಗುಚಿ ಇಡು" ಎಂದ ಮೇಷ್ಟ್ರು. ಮಗುಚಿದಾಗ ಕೆಂಪು ತುದಿ ಬಲಕ್ಕೆ ಸರಿಯಿತು. ಅವನು ಬೆವರು ಒರೆಸಿಕೊಂಡ. "ತಿರೋಯಾ, ಯೋಚನೆ ಮಾಡಿ ಹೇಳು. ಪೆಟ್ಟಿಗೆಯಲ್ಲಿ ಯಾವ ಮುಖ ಕೆಳಗಿತ್ತು?"

"ಗೋಂದಿನ ಮುಖ ಕೆಳಗೆ. ಬಟ್ಟೆಗೆ ಹತ್ತಬಾರದು ಅಂತ ನಾನೇ ಇಟ್ಟೆ."

"ಮತ್ತೆ ಪೆಟ್ಟಿಗೆ ಮಗುಚಿ ಬಿದ್ದಿರಬಹುದಾ ಅಜ್ಜ?"

"ಬಟ್ಟೆ ತುರುಕಿದ್ದೆ ಅಂದೆನಲ್ಲ. ನಾನಿಟ್ಟದ್ದು ಕದಲಲ್ಲ" ಎಂದ ಕೌತುನಾ.

ಮೇಷ್ಟ್ರು ಕಲ್ಲನ್ನು ಇನ್ನೊಂದು ಗೇಣು ಆಚೆಗೆ ಒಯ್ದ. ಸೂಜಿ ಹೆಚ್ಚುಕಡಿಮೆ ಸರಿಯಾಯಿತು. "ನೋಡು, ದೂರ ಆದ ಹಾಗೆ ಇದರ ಬಲ ಬೇಗ ಸೋರಿಹೋಗುತ್ತೆ. ದೋಣಿಯ ಮೂತಿಯಲ್ಲಿ ಇಟ್ಟಿದ್ರೆ ಏನೂ ಆಗ್ತಿರಲಿಲ್ಲ. ಭೂಮಿನೂ ಒಂದು ಸೂಜಿಗಲ್ಲೇ. ಬಹಳ ದೊಡ್ಡದು, ಆದ್ರೆ ನಾವಿರೋ ಕಡೆ ಅದರ ಎಳೆತ ಮೆತ್ತಗೆ. ಇದು ಅಂಗೈಯಷ್ಟು, ಆದ್ರೆ ಪಕ್ಕದಲ್ಲೇ ಕೂತಿದೆ. ಸೂಜಿ ಪಾಪ ಇಬ್ಬರ ಮಾತೂ ಕೇಳುತ್ತೆ."

"ತವರಿಗೂ ಗಂಡನ ಮನೆಗೂ ನಡುವೆ ನಿಂತವಳ ಹಾಗೆ" ಎಂದಳು ತಿರೋಯಾ. "ಹಾಗಾದ್ರೆ ಎಂಜಿನ್ ಕೆಟ್ಟಿಲ್ಲ ಮೇಷ್ಟ್ರೇ."

"ಕೆಟ್ಟಿಲ್ಲ. ಚೆನ್ನಾಗೇ ಓಡಿದೆ. ಪೆಟ್ರೋಲ್ ಮುಗಿಯೋ ತನಕ, ನೇರವಾಗಿ." ಅವನು ಎದುರಿನ ಗೋಡೆಯ ಕಡೆ ನೋಡಿದ, ಅದರಾಚೆ ಸಮುದ್ರವಿತ್ತು. "ಉತ್ತರ ಅಂದುಕೊಂಡು ವಾಯವ್ಯಕ್ಕೆ. ತರಾವಾ ಬಲಗಡೆ ಎಲ್ಲೋ ಉಳಿದುಹೋಯ್ತು. ದೊಡ್ಡ ಹೋಳು ಇನ್ನೂ ಜಾಸ್ತಿ ಎಳೆದಿರುತ್ತೆ. ನಾವು ಹುಡುಕ್ತಿರೋ ಕಡೆ ಅವರು ಒಂದು ಗಳಿಗೆಯೂ ಇರಲಿಲ್ಲ."

ಹಡಗಿನವರಿಗೆ ಇದನ್ನು ಹೇಳಬೇಕು. ಆದರೆ ಊರಿನ ದೋಣಿಗಳು ಯಾವ ಕಡೆ ಹೋಗಬೇಕೆಂದು ತೀರ್ಮಾನಿಸುವುದು ಚಾವಡಿ. ಚಾವಡಿಯಲ್ಲಿ ಹಿರಿಯರು ತಮ್ಮ ತಮ್ಮ ಕಂಬದ ಬುಡದಿಂದ ಮಾತಾಡುತ್ತಾರೆ. ಹೆಂಗಸರು ಹಿಂದೆ ಕೂರುತ್ತಾರೆ. ಮೇಷ್ಟ್ರು ಪರ ಊರಿನವನು, ಕೇಳಿದರೆ ಮಾತ್ರ ಹೇಳಬಹುದು. ಈ ಮನೆತನದ ಕಂಬ ಕೌತುನಾನದು.

ದಾರಿಯಲ್ಲಿ ಮುದುಕ ನಿಂತುಬಿಟ್ಟ. "ಏನಂತ ಹೇಳ್ಲೇ? ನಕ್ಷತ್ರ ಕಲಿತೋನು, ಮಕ್ಕಳ ದಾರಿಗೆ ಕಲ್ಲು ಇಟ್ಟೆ ಅಂತಲಾ? ಪ್ರವಾಹ ಪಡುವಣಕ್ಕೆ ಒಯ್ಯುತ್ತೆ ಅಂತ ನಿನ್ನೆ ಹೇಳಿದೋನೂ ನಾನೇ. ನನ್ನ ಮಾತಿನ ಮೇಲೇ ಎಲ್ಲಾ ಹೋಗಿದಾರೆ."

ತಿರೋಯಾ ಅವನ ಮುಂದೆ ಮರಳಿನ ಮೇಲೆ ಕೂತಳು. ಸೊಸೆಯಾಗಿ ಬಂದಂದಿನಿಂದ ಅವಳು ಆ ಮನೆಯಲ್ಲಿ ಯಾರನ್ನೂ ಏನನ್ನೂ ಕೇಳಿದವಳಲ್ಲ.

"ಮಾವ, ನನಗೊಂದು ಬುಬುತಿ ಇದೆ."

ಮುದುಕ ಕಣ್ಣು ಮುಚ್ಚಿಕೊಂಡ.

"ನಿಮ್ಮ ಕಂಬದ ಹತ್ತಿರ ಕೂತು ಇದನ್ನ ಹೇಳಬೇಕು. ಕಲ್ಲು ನನ್ನದು ಅಂತಾನೂ ಹೇಳಿ. ಆದ್ರೆ ಈವತ್ತೇ ಹೇಳಿ."

"ಏಳು" ಎಂದ ಕೌತುನಾ. "ಕೇಳಿದ ಮೇಲೆ ಆಯ್ತಲ್ಲ."

ಚಾವಡಿಯಲ್ಲಿ ಅವನು ಸುತ್ತು ಬಳಸಲಿಲ್ಲ. "ಸೂಜಿಗೆ ಸುಳ್ಳು ಹೇಳಿಸಿದ್ದು ಈ ಕೈ" ಎಂದು ಎಡಗೈ ಎತ್ತಿ ತೋರಿಸಿದ. ಒಬ್ಬ ಹಿರಿಯ, "ಒಂದು ಹಿಡಿ ಕಲ್ಲು ದೋಣಿಯನ್ನ ಎಳೆಯುತ್ತೇನೋ ಕೌತುನಾ?" ಎಂದು ಕೇಳಿದ. "ದೋಣಿಯನ್ನ ಎಳೆಯಲಿಲ್ಲಪ್ಪ. ಸೂಜಿಯನ್ನ ಎಳೀತು. ದೋಣಿಯನ್ನ ನನ್ನ ಮಗನೇ ನಡೆಸಿದ." ತಿರೋಯಾ ಹಿಂದಿನಿಂದ ಚಿಕ್ಕ ಹೋಳನ್ನೂ ಮೇಷ್ಟ್ರ ದಿಕ್ಸೂಚಿಯನ್ನೂ ಚಾಪೆಯ ಮೇಲೆ ಮುಂದಕ್ಕೆ ಸರಿಸಿದಳು. ಹಿರಿಯರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಆಮೇಲೆ ಯಾರೂ ಕೇಳಲಿಲ್ಲ. ಕೌತುನಾ ಅಂಗಾತ ಒರಗಿ ಮಾಡಿನ ಕಡೆ ಕೈ ತೋರಿಸಿದ: "ಆ ಜಂತಿಯಲ್ಲ. ಅದರ ಎಡಕ್ಕೆ, ಇನ್ನೂ ಎಡಕ್ಕೆ. ಆ ಜಂತಿಯ ದಾರಿ ಹಿಡಿದು ಹೋಗಿ, ತರಾವಾದ ಆಚೆಯ ಅಬಾಯಾಂಗ್ ದ್ವೀಪ ದಾಟಿ, ಅಲ್ಲಿಂದ ಪ್ರವಾಹ ಒಯ್ಯುವ ಕಡೆಗೆ ನೋಡಿ."

ರೇಡಿಯೊದಲ್ಲಿ ಮೇಷ್ಟ್ರು ಅದನ್ನೇ ಹಡಗಿಗೆ ಹೇಳಿದ.

ಮರುದಿನ ಇಳಿಹೊತ್ತಿಗೆ ಅಬಾಯಾಂಗಿನ ಪಡುವಣದ ಕಡಲಲ್ಲಿ ದೋಣಿ ಸಿಕ್ಕಿತು. ಬೌರೋ ಬದುಕಿದ್ದ. ಯೋತೆಬಾ ಆ ಬೆಳಿಗ್ಗೆಯೇ ಹೋಗಿಬಿಟ್ಟಿದ್ದ. ಕೊನೆಯ ಎಳನೀರನ್ನು ಅಣ್ಣನ ಕೈಗೆ ಕೊಟ್ಟು, ನಾನು ಆಗಲೇ ಕುಡಿದೆ ಎಂದಿದ್ದನಂತೆ.

ಚೇತರಿಸಿಕೊಂಡ ಮೇಲೆ ಬೌರೋ ತಿರೋಯಾಳಿಗೆ ಹೇಳಿದ್ದು ಇಷ್ಟು: "ಸೂಜಿ ಒಂಚೂರೂ ಅಲುಗಾಡಲಿಲ್ಲ ಕಣೇ. ಅಷ್ಟು ನೇರ ನಾನು ಯಾವತ್ತೂ ದೋಣಿ ನಡೆಸಿರಲಿಲ್ಲ."

ಪೆಟ್ಟಿಗೆ ದೋಣಿಯ ಜೊತೆಗೇ ಮರಳಿ ಬಂತು. ಗೂಡಿನಲ್ಲಿ ಕೌತುನಾ ಇಟ್ಟ ಹಾಗೇ ಇತ್ತು, ಒಂದು ಹನಿ ನೀರೂ ತಾಗಿರಲಿಲ್ಲ. ಒರೇಟಾ ಮಣ್ಣಿಗೆ ಬಂದವಳು ಅದರ ಕಡೆ ನೋಡಲಿಲ್ಲ. ತಿರೋಯಾಳ ಪಕ್ಕ ಬಂದು ಮಲಗಿ, ಅವಳ ತೋಳು ಹಿಡಿದುಕೊಂಡಳು, ಅಷ್ಟೇ. ಊರಲ್ಲಿ ಯಾರು ಏನಂದರೋ ತಿರೋಯಾಳ ಕಿವಿಗೆ ಬೀಳಲಿಲ್ಲ. ಮಾವ ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ.

ದುಃಖದ ದಿನಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಬಂದು ಬಾಗಿಲಲ್ಲಿ ಕೂತ. "ಆ ದೊಡ್ಡ ಹೋಳು ಕೊಡು. ಬುಬುತಿ."

ಕೊಟ್ಟಳು. ತೆಂಗಿನ ಸಿಪ್ಪೆ ರಾಶಿ ಹಾಕಿ ಬೆಂಕಿ ಮಾಡಿ, ಕಲ್ಲನ್ನು ನಡುವಿಗೆ ಹಾಕಿ, ಅವನು ಹಗಲೆಲ್ಲ ಉರಿ ಹಾಕುತ್ತ ಪಕ್ಕದಲ್ಲೇ ಕೂತ. ಕೆಂಡ ಬೂದಿಯಾಗಿ ಆರಿದ ಮೇಲೆ ತೆಗೆದು ತಂದು ಸೊಸೆಯ ಮುಂದಿಟ್ಟ. ತಿರೋಯಾ ಅದಕ್ಕೆ ಒಂದು ಗುಂಡುಸೂಜಿ ಮುಟ್ಟಿಸಿದಳು. ಸೂಜಿ ಜಾರಿ ಬಿತ್ತು.

"ಈಗ ಬರೀ ಕಲ್ಲು" ಎಂದ ಕೌತುನಾ. ಈಗಲೂ ಅದು ಅವರ ಮನೆಯಲ್ಲಿದೆ. ಒಣಹಾಕಿದ ಕೇದಗೆ ಎಲೆ ಹಾರದಂತೆ ಮೇಲಿಡುತ್ತಾರೆ.

ಆಮೇಲೆ ಅವನು ಕೇಳಿದ, "ಚಿಕ್ಕದು?"

"ಇದೆ ಮಾವ. ಅದನ್ನೂ ಸುಡ್ತೀರಾ?"

ಮುದುಕ ಯೋಚಿಸಿದ. "ಬೇಡ. ಅದು ಹೇಳಬೇಕಾದ್ದು ಹೇಳ್ತು. ಒಂದು ಸೂಜಿ ಅದಕ್ಕೆ ಸವರಿ ಇಟ್ಕೋ. ಇನ್ಮೇಲೆ ಈ ದಡದಿಂದ ಹೋಗೋ ದೋಣಿನೆಲ್ಲ ನೀನು ನೋಡಬೇಕು. ಚಾವಡಿಯಲ್ಲಿ ನಾನು ಹೇಳ್ತೀನಿ."

ಬೌರೋ ಮತ್ತೆ ಕಡಲಿಗೆ ಇಳಿಯಲು ಒಂದು ಮಳೆಗಾಲ ಕಳೆಯಬೇಕಾಯಿತು. ಆ ದಿನ ಕೌತುನಾ ದೋಣಿಯ ಅಂಚು ಹಿಡಿದು ನಿಂತಿದ್ದ. ತಿರೋಯಾ ಪ್ರತಿ ಗಂಟಿನ ಮೇಲೂ ದಾರ ತೂಗಿದಳು. ಅಡಿಗೆ ಪಾತ್ರೆ, ನೀರಿನ ಕ್ಯಾನು, ಗಂಡನ ಸೊಂಟದ ಚಾಕು. ಚಾಕು ಬಿಚ್ಚಿಸಿ ಮೂತಿಗೆ ಕಳಿಸಿದಳು. ಕೊನೆಗೆ ಎಡಗಡೆಯ ಖಾಲಿ ಗೂಡಿನ ಮೇಲೆ ಹಿಡಿದಳು. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತಳು.

"ಏನನ್ನುತ್ತೆ?" ಎಂದ ಮಾವ.

"ಉತ್ತರ ಅನ್ನುತ್ತೆ."

ಮುದುಕ ತಲೆ ಎತ್ತಿ ಆಕಾಶ ನೋಡಿದ, ಅಲೆ ಬರುವ ಕಡೆ ನೋಡಿದ, ಆಮೇಲೆ ಸೊಸೆಯ ಕೈಯಲ್ಲಿ ತೂಗುತ್ತಿದ್ದ ಸೂಜಿ ನೋಡಿದ.

"ಸರಿ" ಎಂದು ದೋಣಿಯ ಅಂಚು ಬಿಟ್ಟ.